ನಮ್ಮ ಮಾತು ನಾವೇ ಆಡೋಣ



ಈ ಸಭೆ ಒಳಗೆ ನಡೆಯಬೇಕಿತ್ತು. ಒಳಗೆ ಚಾಪೆ ಹಾಸಿದ್ದರು. ಫ್ಯಾನು ತಿರುಗುತ್ತಿತ್ತು. ಆದರೆ ಬಾಗಿಲಿಗೆ ಮೂರು ಮೆಟ್ಟಿಲು. ನಾವು ಐದು ಮಂದಿ ಗಾಲಿಕುರ್ಚಿಯಲ್ಲಿ ಬಂದವರು. ಮೆಟ್ಟಿಲ ಮುಂದೆ ಬಂದು ನಿಂತುಬಿಟ್ಟೆವು.

ನಾಲ್ಕು ಮಂದಿ ಗಂಡಸರು ಓಡಿ ಬಂದರು. "ಯಾಕ ಚಿಂತಿ ಮಾಡ್ತೀರಿ ಅಕ್ಕಾರ? ನಾವು ಎತ್ತಿ ಒಳಗ ಕುಂದ್ರಸ್ತೀವಿ" ಎಂದರು. ಅವರ ಮನಸ್ಸು ಒಳ್ಳೆಯದು. ಅದಕ್ಕೆ ಅವರಿಗೂ ಶರಣು. ಆದರೆ ನಾವು ಏನು ಹೇಳಿದೆವು, ನೀವು ಕೇಳಿದಿರಿ.

"ಬ್ಯಾಡ್ರಿ ಅಣ್ಣಾರ. ನಮ್ಮನ್ನ ಎತ್ತಬ್ಯಾಡ್ರಿ. ಚಾಪಿ ಎತ್ತಿ ಹೊರಗ ತರ್ರಿ."

ನೀವೆಲ್ಲ ನಕ್ಕಿರಿ. ನಗುತ್ತಲೇ ಚಾಪೆ ಸುತ್ತಿಕೊಂಡು ಈ ಬೇವಿನ ಗಿಡದ ನೆರಳಿಗೆ ಬಂದಿರಿ. ಐದು ಮಿನಿಟು ಹಿಡಿಯಿತು. ಈಗ ನೀವೂ ಕುಂತೀರಿ, ನಾವೂ ಕುಂತೇವಿ. ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ.

ನಾವು ಇವತ್ತು ಹೇಳಬೇಕೆಂದು ಬಂದ ಮಾತು ಇಷ್ಟೇ. ಮಂದಿಯನ್ನು ಎತ್ತುವುದು ಬೇಡ. ಜಾಗವನ್ನು ಬದಲಿಸೋಣ. ಅದನ್ನು ಕೇಳುವ ಬಾಯಿ ನಮ್ಮದೇ ಇರಲಿ.

ನಾವು ಯಾರು?

ನಾವು ಒಂದೇ ಊರಿನವರಲ್ಲ. ಒಬ್ಬಾಕೆ ಬಾಗಲಕೋಟೆಯ ನವನಗರದವಳು. ಇಬ್ಬರು ಬಾದಾಮಿ ಕಡೆಯವರು. ಒಬ್ಬಾಕೆ ಹುನಗುಂದದ ಹತ್ತಿರದ ಹಳ್ಳಿಯವಳು. ಇನ್ನೊಬ್ಬಾಕೆ ಇಳಕಲ್ಲದ ನೇಕಾರರ ಮನೆಯವಳು.

ನಮ್ಮ ಕಾಲು ಹೋದದ್ದೂ ಒಂದೇ ರೀತಿ ಅಲ್ಲ. ಇಬ್ಬರಿಗೆ ಸಣ್ಣವರಿದ್ದಾಗ ಪೋಲಿಯೋ ಜ್ವರ ಬಂತು. ಒಬ್ಬಾಕೆ ಮಾಳಿಗೆ ಮೇಲಿಂದ ಬಿದ್ದಳು, ಬೆನ್ನೆಲುಬು ಮುರಿಯಿತು. ಒಬ್ಬಾಕೆಯ ಬೆನ್ನ ಮೇಲೆ ಜೋಳದ ಚೀಲ ಬಿತ್ತು. ಒಬ್ಬಾಕೆಗೆ ಬೆನ್ನೆಲುಬಿಗೆ ಕ್ಷಯ ತಗುಲಿತು.

ಊರಲ್ಲಿ ಜನ ಏನಂದರು? "ಹಿಂದಿನ ಜನ್ಮದ ಕರ್ಮ" ಎಂದರು. "ದೇವರ ಶಾಪ" ಎಂದರು. ನಮ್ಮ ಅವ್ವಂದಿರು ಅದನ್ನೇ ನಂಬಿ ಅತ್ತರು.

ಶಾಪ ಅಲ್ಲ ಅನ್ನುವುದಕ್ಕೆ ಒಂದು ಸಾಕ್ಷಿ ಕೇಳಿರಿ. ಮಕ್ಕಳ ಬಾಯಿಗೆ ಎರಡು ಹನಿ ಔಷಧ ಹಾಕುತ್ತ ಬಂದರು. ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಸ್ಸಿನ ಕೊನೆಯ ರೋಗಿ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೋ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಶಾಪ ಆಗಿದ್ದರೆ ಎರಡು ಹನಿ ಔಷಧಕ್ಕೆ ಹೋಗುತ್ತಿತ್ತೇನು?

ನಾವು ಎಷ್ಟು ಮಂದಿ ಇದ್ದೇವೆ? 2011ರ ಜನಗಣತಿ ಪ್ರಕಾರ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರು. ಅವರಲ್ಲಿ ಹೆಣ್ಣುಮಕ್ಕಳು 1 ಕೋಟಿ 18 ಲಕ್ಷ. ನಮ್ಮ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು ಲೆಕ್ಕಕ್ಕೆ ಸಿಕ್ಕರು.

ಅದೇ ಗಣತಿ ಇನ್ನೊಂದು ಮಾತು ಹೇಳಿತು. ದೇಶದ 100 ಮಂದಿ ಅಂಗವಿಕಲ ಗಂಡಸರಲ್ಲಿ 62 ಮಂದಿಗೆ ಓದು ಬರಹ ಬರುತ್ತಿತ್ತು. 100 ಮಂದಿ ಅಂಗವಿಕಲ ಹೆಣ್ಣುಮಕ್ಕಳಲ್ಲಿ ಬರೀ 45 ಮಂದಿಗೆ ಬರುತ್ತಿತ್ತು. ಅಂದರೆ ಕಾಲಿಗೊಂದು ಬೀಗ, ಹೆಣ್ಣು ಅಂತ ಇನ್ನೊಂದು ಬೀಗ.

ಎತ್ತಿಕೊಂಡು ಹೋಗುವುದು

"ಎತ್ತಿ ಕುಂದ್ರಸ್ತೀವಿ ಅಂದರ ತಪ್ಪೇನು?" ಎಂದು ನೀವು ಕೇಳಬಹುದು. ಹೇಳುತ್ತೇವೆ.

ಎತ್ತುವಾಗ ಸೀರೆ ಸರಿಯುತ್ತದೆ. ಕಂಡವರ ಕೈ ಮೈಗೆ ಹತ್ತುತ್ತದೆ. ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಎತ್ತುವವರು ಇಲ್ಲದ ದಿನ ನಾವು ಹೊಸ್ತಿಲು ದಾಟುವುದಿಲ್ಲ. ಒಳಗೆ ಒಯ್ದವರು ಹೊರಗೆ ತರುವ ತನಕ ಕಾಯಬೇಕು. ಬೇಸರ ಆದರೂ ಕುಂತಿರಬೇಕು. ಯಾರಾದರೂ ಕೆಟ್ಟ ಮಾತು ಆಡಿದರೂ ಕುಂತಿರಬೇಕು.

ಇನ್ನೊಂದು ಮಾತು. ಇದನ್ನು ಗಂಡಸರ ಮುಂದೆ ಹೇಳಲು ನಾಚಿಕೆ. ಆದರೆ ಇಲ್ಲಿ ಎಲ್ಲರೂ ಹೆಣ್ಣುಮಕ್ಕಳೇ ಇದ್ದೇವೆ.

ಎಲ್ಲಿಗಾದರೂ ಹೋಗುವ ದಿನ ನಾವು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಯಾಕೆ? ಹೋದ ಕಡೆ ನಮಗೆ ಹೋಗಲು ಬರುವಂಥ ಸಂಡಾಸ ಇರುವುದಿಲ್ಲ. ಬಾಗಿಲು ಸಣ್ಣದು, ಗಾಲಿಕುರ್ಚಿ ಹಿಡಿಸುವುದಿಲ್ಲ. ಈ ಕಷ್ಟ ನಿಮಗೂ ಗೊತ್ತು. ಸಂತೆಗೆ ಹೋದ ದಿನ ನೀವೂ ತಡೆದುಕೊಂಡವರೇ. ಆದರೆ ಬೆನ್ನೆಲುಬು ಮುರಿದವರಿಗೆ ಮೂತ್ರದ ಸೋಂಕು ಬೇಗ ಹತ್ತುತ್ತದೆ. ಅದು ಮೂತ್ರಪಿಂಡಕ್ಕೆ ಏರಿದರೆ ಜೀವಕ್ಕೇ ಅಪಾಯ. ಸಂಡಾಸದ ಬಾಗಿಲು ಅಗಲ ಮಾಡಿರಿ ಎಂದು ನಾವು ಕೇಳಿದರೆ ಅದು ಸೊಕ್ಕಿನ ಮಾತಲ್ಲ. ಜೀವದ ಮಾತು.

ಬಸ್ಸಿನ ಮಾತು ನೋಡಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ ಎಂದರು. ನೀವು ತವರಿಗೆ ಹೋಗಿ ಬಂದಿರಿ, ಗುಡಿಗೆ ಹೋಗಿ ಬಂದಿರಿ. ನಮಗೂ ಸಂತೋಷ ಆಯಿತು. ಆದರೆ ಬಸ್ಸಿನ ಮೆಟ್ಟಿಲು ಹಾಗೇ ಉಳಿಯಿತು. ಟಿಕೆಟ್ ಪುಕ್ಕಟೆ ಸಿಕ್ಕಿತು, ಬಸ್ಸು ಸಿಗಲಿಲ್ಲ.

ನಮ್ಮ ಬಾದಾಮಿಯ ಗೆಳತಿಯೊಬ್ಬಳಿದ್ದಾಳೆ. ಬನಶಂಕರಿ ಅವಳ ಊರಿಗೆ ಹತ್ತಿರ. ಬನದ ಹುಣ್ಣಿಮೆ ಜಾತ್ರೆ ಬಂದರೆ ನಾಟಕದ ಹಾಡು ರಾತ್ರಿ ಹಾಸಿಗೆಗೇ ಕೇಳುತ್ತದೆ. ಮನೆಮಂದಿಯೆಲ್ಲ ಹೋಗುತ್ತಾರೆ. ಇವಳಿಗೆ ಬೆಂಡು ಬೆತ್ತಾಸು, ಬಳೆ ತಂದು ಕೊಡುತ್ತಾರೆ. ಇಪ್ಪತ್ತು ವರ್ಷ ಹೀಗೇ ಆಯಿತು. ಒಂದು ದಿನ ಅವಳು ಅಂದಳು, "ಬಳಿ ಬ್ಯಾಡ. ನನಗ ನಾಟಕ ನೋಡಬೇಕು." ಅಷ್ಟು ಹೇಳಲು ಇಪ್ಪತ್ತು ವರ್ಷ ಹಿಡಿಯಿತು, ನೋಡ್ರಿ.

ಅಕ್ಷರ ಬಂದ ಮೇಲೆ

ಹುನಗುಂದ ಕಡೆಯ ನಮ್ಮ ಗೆಳತಿಯ ಕಥೆ ಕೇಳಿರಿ. ಶಾಲೆಯ ಹಾದಿಯಲ್ಲಿ ಒಂದು ಹಳ್ಳ ಇತ್ತು. ಅವ್ವ ಹೊತ್ತುಕೊಂಡು ದಾಟಿಸುತ್ತಿದ್ದಳು. ಮಗಳಿಗೆ ಎಂಟು ವರ್ಷ ಆಯಿತು, ಭಾರ ಆದಳು. ಶಾಲೆ ನಿಂತಿತು.

ಮುಂದೆ 34ನೇ ವರ್ಷಕ್ಕೆ ಅವಳು ಸಾಕ್ಷರತಾ ಪಾಠಕ್ಕೆ ಸೇರಿದಳು. ಪಾಠ ಅವಳ ಮನೆಯ ಕಟ್ಟೆಯ ಮೇಲೆಯೇ ನಡೆಯಿತು. ಕಲಿಸುವಾಕೆಗೆ ಅವಳೇ ಕೇಳಿದ್ದಳು, "ನಾ ಬರಾಕ ಆಗೂದಿಲ್ಲ. ನೀವss ಬರ್ರಿ" ಎಂದು. ಅದು ಅವಳು ಕೇಳಿದ ಮೊದಲ ಬೇಡಿಕೆ. ಅದರಿಂದ ಓಣಿಯ ಆರು ಮಂದಿ ಬೇರೆ ಹೆಣ್ಣುಮಕ್ಕಳೂ ಅಕ್ಷರ ಕಲಿತರು.

ಅಂಕಿ ಓದಲು ಬಂದ ಮೇಲೆ ಅವಳು ತನ್ನ ಮಾಸಾಶನದ ಪಾಸ್‌ಬುಕ್ ತೆಗೆದು ನೋಡಿದಳು. ಅಷ್ಟು ವರ್ಷ ಹೆಬ್ಬೆಟ್ಟು ಒತ್ತಿದ್ದಳು. ಎಷ್ಟು ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ಅಣ್ಣ ಕೆಟ್ಟವನಲ್ಲ. ಮನೆ ಖರ್ಚಿಗೇ ಹಾಕುತ್ತಿದ್ದ. ಆದರೆ ಅವಳನ್ನು ಒಂದು ಮಾತು ಕೇಳುತ್ತಿರಲಿಲ್ಲ.

ಅವಳು ಜಗಳ ಮಾಡಲಿಲ್ಲ. "ಅಣ್ಣಾ, ಇದರಾಗ ನನ್ನ ಹೆಸರು ಬರದೈತಿ. ಈ ರೊಕ್ಕದಾಗ ನಂದೂ ಒಂದು ಮಾತು ಇರಲಿ" ಎಂದಳು. ಅಣ್ಣ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಪಾಸ್‌ಬುಕ್ ತಂದು ಅವಳ ತೊಡೆಯ ಮೇಲೆ ಇಟ್ಟ.

ಅಕ್ಷರ ಕಲಿತರೆ ಕಾಲು ಬರುವುದಿಲ್ಲ. ಆದರೆ ಬಾಯಿ ಬರುತ್ತದೆ.

ನಮಗಿಂತ ಮೊದಲು ಮಾತಾಡಿದವರು

ನಾವೇ ಮೊದಲಿನವರಲ್ಲ. ನಮಗಿಂತ ಮೊದಲು ಮಾತಾಡಿದ ಹೆಣ್ಣುಮಕ್ಕಳಿದ್ದಾರೆ.

1959ರಲ್ಲಿ ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಎಂಬವರು ಅಂಗವಿಕಲರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಅದಕ್ಕೆ ಎ.ಪಿ.ಡಿ. ಎಂದು ಹೆಸರು. ಹೇಮಾ ಸ್ವತಃ ಅಂಗವಿಕಲರು. ಆಗ ಅಂಗವಿಕಲರಿಗೆ ಭಿಕ್ಷೆ ಹಾಕುವವರು ಬಹಳ ಇದ್ದರು. ಕೆಲಸ ಕಲಿಸುವವರು ಕಡಿಮೆ. ಆ ಸಂಸ್ಥೆ ಅಂಗವಿಕಲ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕೆಲಸದ ತರಬೇತಿ ನಡೆಸುತ್ತ ಬಂತು.

ಮಾಲತಿ ಹೊಳ್ಳ ಅವರ ಹೆಸರು ಕೇಳಿದ್ದೀರಾ? ಅವರೂ ನಮ್ಮ ಕರ್ನಾಟಕದವರೇ. ಕೂಸಿದ್ದಾಗಲೇ ಪೋಲಿಯೋ ಆಯಿತು. ಮೂವತ್ತಕ್ಕೂ ಹೆಚ್ಚು ಸಲ ಶಸ್ತ್ರಚಿಕಿತ್ಸೆ ಆಯಿತು. ಗಾಲಿಕುರ್ಚಿಯ ಮೇಲೆ ಕುಂತೇ ಓಟದ ಪಂದ್ಯ, ಗುಂಡು ಎಸೆತ, ಭರ್ಜಿ ಎಸೆತದಲ್ಲಿ ನೂರಾರು ಪದಕ ಗೆದ್ದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂತು. ಅವರು ಪದಕ ಕಟ್ಟಿಕೊಂಡು ಸುಮ್ಮನೆ ಕುಂತವರಲ್ಲ. ಮಾತೃ ಎಂಬ ಸಂಸ್ಥೆ ಕಟ್ಟಿ ಅಂಗವಿಕಲ ಮಕ್ಕಳಿಗೆ ಆಸರೆ ಕೊಟ್ಟರು.

ದೂರದ ಅಮೆರಿಕದ ಮಾತು ಒಂದು. ಜೂಡಿ ಹ್ಯೂಮನ್ ಎಂಬಾಕೆ ಗಾಲಿಕುರ್ಚಿ ಬಳಸುತ್ತಿದ್ದಳು. ಟೀಚರ್ ಆಗಲು ಓದಿದಳು, ಪಾಸಾದಳು. "ಬೆಂಕಿ ಬಿದ್ದರೆ ನೀನು ಹೇಗೆ ಓಡುತ್ತಿ?" ಎಂದು ಅಲ್ಲಿಯವರು ಪರವಾನಗಿ ಕೊಡಲಿಲ್ಲ. 1970ರಲ್ಲಿ ಅವಳು ಕೋರ್ಟಿಗೆ ಹೋದಳು. ಪರವಾನಗಿ ಪಡೆದು ಟೀಚರ್ ಆದಳು. ಮುಂದೆ 1977ರಲ್ಲಿ ಅವಳೂ ಅವಳ ಜೊತೆಯವರೂ ಒಂದು ಸರಕಾರಿ ಕಚೇರಿಯೊಳಗೆ ಹೋಗಿ ಕುಂತರು. ಮೂರು ವಾರಕ್ಕೂ ಹೆಚ್ಚು ಏಳಲಿಲ್ಲ. ಕಪ್ಪು ಜನರ ಒಂದು ಸಂಘಟನೆ ಅವರಿಗೆ ಬಿಸಿ ಊಟ ತಂದು ಕೊಟ್ಟಿತು. ಕೊನೆಗೆ ಸರಕಾರ ಅವರ ಹಕ್ಕಿನ ನಿಯಮಕ್ಕೆ ಸಹಿ ಹಾಕಿತು.

ಕೂತಲ್ಲೇ ಕೂಡ್ರುವುದು ನಮಗೆ ಬರುವ ಕೆಲಸವೇ ಅಲ್ಲವೇನ್ರಿ? ಅದನ್ನೇ ಅವರು ಹೋರಾಟ ಮಾಡಿದರು.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಮೊದಲ ಅಂಗವಿಕಲರ ಕಾಯ್ದೆ 1995ರಲ್ಲಿ ಆಯಿತು. ಈಗ ಇರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ. ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಕಾಯ್ದೆ ದೊಡ್ಡದು. ನಾವು ನೆನಪಿಡಬೇಕಾದದ್ದು ಐದು ಮಾತು.

ಒಂದು. 21 ಬಗೆಯ ಅಂಗವಿಕಲತೆ ಇದರಲ್ಲಿ ಸೇರಿವೆ. ಶೇಕಡಾ 40 ಅಥವಾ ಹೆಚ್ಚು ಎಂದು ವೈದ್ಯರ ಪ್ರಮಾಣಪತ್ರ ಇದ್ದರೆ ಮೀಸಲಾತಿಯ ಸವಲತ್ತು ಸಿಗುತ್ತವೆ. ಈಗ ಇದಕ್ಕೆ ಯು.ಡಿ.ಐ.ಡಿ. ಎಂಬ ಗುರುತಿನ ಕಾರ್ಡು ಕೊಡುತ್ತಾರೆ.

ಎರಡು. ಸರಕಾರಿ ನೌಕರಿಯಲ್ಲಿ ಶೇಕಡಾ 4 ಮೀಸಲು.

ಮೂರು. ಸರಕಾರ ಹಂಚುವ ಹೊಲ, ಮನೆಗಳಲ್ಲಿ ಮತ್ತು ಬಡತನ ನಿವಾರಣೆ ಯೋಜನೆಗಳಲ್ಲಿ ಶೇಕಡಾ 5 ಮೀಸಲು. ಅದರಲ್ಲೂ ಹೆಣ್ಣುಮಕ್ಕಳಿಗೆ ಮೊದಲು ಕೊಡಬೇಕು. ಇದನ್ನು ಎರಡು ಸಲ ಓದಿರಿ. ಹೆಣ್ಣುಮಕ್ಕಳಿಗೆ ಮೊದಲು.

ನಾಲ್ಕು. ನಾಲ್ಕು ಮಂದಿಯ ಎದುರು ಅಂಗವಿಕಲರನ್ನು ಬೇಕಂತಲೇ ಅವಮಾನ ಮಾಡಿದರೆ ಅದು ಅಪರಾಧ. ಅದಕ್ಕೆ 6 ತಿಂಗಳಿಂದ 5 ವರ್ಷದ ತನಕ ಜೈಲು ಶಿಕ್ಷೆ ಇದೆ.

ಐದು. ಸಾರ್ವಜನಿಕರು ಬಳಸುವ ಕಟ್ಟಡಗಳಿಗೆ ನಾವು ಸುಲಭವಾಗಿ ಹೋಗಿಬರುವಂತೆ ಇರಬೇಕು. ಹಳೆಯ ಕಟ್ಟಡಗಳನ್ನು ಸರಿ ಮಾಡಲು ಕಾಯ್ದೆ ಐದು ವರ್ಷ ಸಮಯ ಕೊಟ್ಟಿತ್ತು. ನಿಯಮ ಬಂದದ್ದು 2017ರ ಜೂನಿನಲ್ಲಿ. 2022ಕ್ಕೆ ಐದು ವರ್ಷ ಮುಗಿಯಿತು. ಮುಂದೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಇಂಥ ನಿಯಮ ಬರೀ ಬುದ್ಧಿಮಾತು ಆಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಎಂದಿತು.

ಹಾಗಾದರೆ ಮೂರು ಮೆಟ್ಟಿಲು ಇನ್ನೂ ಯಾಕೆ ಇವೆ? ಕಾಯ್ದೆ ತಾನೇ ನಡೆದು ಬರುವುದಿಲ್ಲ. ಅದಕ್ಕೂ ಕಾಲಿಲ್ಲ. ಅದನ್ನು ನಾವೇ ಕರೆದುಕೊಂಡು ಬರಬೇಕು.

ಗೇಣು ಹಾಕಿ ಅಳೆಯೋಣ

ಒಂದು ಹಳ್ಳಿಯ ಕಥೆ. ಊರ ಹೆಸರು ಬೇಡ. ಅಲ್ಲಿಯ ಕಚೇರಿಗೆ ರ‍್ಯಾಂಪು ಕಟ್ಟಿಸಿದರು. ರ‍್ಯಾಂಪು ಅಂದರೆ ಗಾಲಿ ಉರುಳುವ ಇಳಿಜಾರು ದಾರಿ. ನಮ್ಮ ಗೆಳತಿ ಸಂತೋಷದಿಂದ ಹೋದಳು. ಅರ್ಧಕ್ಕೆ ಹೋಗುವುದರಲ್ಲಿ ಗಾಲಿಕುರ್ಚಿ ಹಿಂದಕ್ಕೆ ವಾಲಿತು. ಹಿಂದೆ ಇದ್ದಾಕೆ ಹಿಡಿಯದಿದ್ದರೆ ತಲೆ ಒಡೆಯುತ್ತಿತ್ತು. ಆ ರ‍್ಯಾಂಪು ಅಷ್ಟು ಕಡಿದು. ಊರ ಹುಡುಗರು ಅದರ ಮೇಲೆ ಜಾರಬಂಡಿ ಆಡುತ್ತಿದ್ದರು!

ಕಟ್ಟಿಸಿದವರು ಕೆಟ್ಟವರೇನಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕುಂತವರನ್ನು ಒಂದು ಮಾತು ಕೇಳಲಿಲ್ಲ.

ಲೆಕ್ಕ ಬಹಳ ಸರಳ. ಒಂದು ಗೇಣು ಎತ್ತರಕ್ಕೆ ಹನ್ನೆರಡು ಗೇಣು ಉದ್ದದ ಇಳಿಜಾರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ. ಇದಕ್ಕಿಂತ ಕಡಿದು ಇರಬಾರದು. ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಬೇಕು. ಬಾಗಿಲು ಸುಮಾರು 3 ಅಡಿ ಅಗಲ ಇರಬೇಕು. ಒಳಗೆ ಗಾಲಿಕುರ್ಚಿ ತಿರುಗಿಸಲು ಸುಮಾರು 5 ಅಡಿ ಜಾಗ ಬೇಕು. ಸಂಡಾಸದ ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗೆ ಗೋಡೆಗೆ ಕಂಬಿ ಇರಬೇಕು.

ಇದನ್ನು ಅಳೆಯಲು ಎಂಜಿನಿಯರೇ ಬೇಕಾಗಿಲ್ಲ. ಇಳಕಲ್ಲದ ಹೆಣ್ಣುಮಗಳಿಗೆ ಅಳತೆ ಕಲಿಸಬೇಕೇನು? ಸೀರೆಯ ಅಳತೆ, ಸೆರಗಿನ ಅಳತೆ ನಮ್ಮ ಕೈಯಲ್ಲೇ ಇದೆ.

ನಮ್ಮ ಗೆಳತಿ ಒಂದು ಟೇಪು ಹಿಡಿದು ಮತ್ತೆ ಆ ಕಚೇರಿಗೆ ಹೋದಳು. ಸಂಘದ ನಾಲ್ಕು ಮಂದಿ ಜೊತೆಗೆ ಹೋದರು. ಎತ್ತರ ಎರಡು ಅಡಿ ಇತ್ತು. ರ‍್ಯಾಂಪಿನ ಉದ್ದ ಆರೇ ಅಡಿ. ಹಾಳೆಯ ಮೇಲೆ ಎರಡೂ ಅಂಕಿ ಬರೆದರು. ಕೆಳಗೆ "24 ಅಡಿ ಬೇಕು" ಎಂದು ಬರೆದರು. ಅಧಿಕಾರಿ ಮೊದಲು ನಕ್ಕರು. ಆಮೇಲೆ ತಾವೇ ಟೇಪು ಹಿಡಿದು ನೋಡಿದರು. ನಗು ನಿಂತಿತು. ಏಳು ತಿಂಗಳು ತಿರುಗಾಡಿದ ಮೇಲೆ ರ‍್ಯಾಂಪು ಹೊಸದಾಗಿ ಆಯಿತು.

ಈಗ ಅದರ ಮೇಲೆ ಯಾರು ಯಾರು ಹೋಗುತ್ತಾರೆ ಗೊತ್ತೇ? ಮೊಣಕಾಲು ನೋಯುವ ಅಜ್ಜಿಯರು. ತುಂಬಿದ ಬಸುರಿಯರು. ಕೂಸು ಎತ್ತಿಕೊಂಡ ತಾಯಂದಿರು. ನಮಗಾಗಿ ಕೇಳಿದ್ದು ಎಲ್ಲರಿಗೂ ಆಯಿತು.

"ಹಳೇ ಕಲ್ಲಿನ ಗುಡಿಗಳಿಗೆ ಏನು ಮಾಡ್ತೀರಿ?" ಎಂದು ಕೆಲವರು ಕೇಳುತ್ತಾರೆ. ಬಾದಾಮಿಯ ಮೇಣಬಸದಿ ನೋಡಿರಿ. ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನ ಇದೆ. ಸುಮಾರು 1450 ವರ್ಷ ಹಳೆಯ ಕೆಲಸ. ಆ ಬಂಡೆ ಒಡೆಯಿರಿ ಎಂದು ನಾವು ಯಾರೂ ಹೇಳುವುದಿಲ್ಲ. ಆದರೆ ಕೆಳಗಿನ ಅಂಗಳ, ಟಿಕೆಟ್ ಕಟ್ಟೆ, ನೀರಿನ ನಳ, ಸಂಡಾಸ ಚಾಲುಕ್ಯರು ಕಟ್ಟಿದ್ದಲ್ಲವಲ್ಲ! ಅವನ್ನು ಸರಿ ಮಾಡಬಹುದು.

2001ರ ಜನವರಿಯಲ್ಲಿ ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದಿಲ್ಲಿಗೆ ಬಂದರು. ಅವರು ಗಾಲಿಕುರ್ಚಿ ಬಳಸುವವರು. ಕುತುಬ್ ಮಿನಾರ್ ಮೊದಲಾದ ಹಳೆಯ ಸ್ಮಾರಕ ನೋಡುವ ಆಸೆ ಅವರಿಗೆ. ಜಾವೇದ್ ಆಬಿದಿ ಎಂಬ ಹೋರಾಟಗಾರರು ಅದರ ಬೆನ್ನು ಹತ್ತಿದರು. ಅವರೂ ಗಾಲಿಕುರ್ಚಿಯವರೇ. ಆಗ ಕಟ್ಟಿಗೆಯ ರ‍್ಯಾಂಪು ಬಂದವು. ದೊಡ್ಡವರು ಬಂದಾಗ ಆಗುವ ಕೆಲಸ ನಮ್ಮ ಬಾದಾಮಿಯ ಹೆಣ್ಣುಮಗಳು ಬಂದಾಗಲೂ ಆಗಬೇಕು.

ಬಾಗಲಕೋಟೆಯವರಿಗೆ ಇನ್ನೊಂದು ಪಾಠ ಗೊತ್ತಿದೆ. ಆಲಮಟ್ಟಿಯ ಹಿನ್ನೀರು ಬಂತು. ಹಳೆಯ ಊರಿನ ಭಾಗ ಮುಳುಗಡೆ ಆಯಿತು. ನವನಗರ ಕಟ್ಟಿದರು. ಪರಿಹಾರಕ್ಕಾಗಿ ನಮ್ಮ ಹಿರಿಯರು ಎಷ್ಟು ಅರ್ಜಿ ಬರೆದರು, ಎಷ್ಟು ಸಲ ಸಾಲಿನಲ್ಲಿ ನಿಂತರು! ಬಾಯಿ ಮುಚ್ಚಿ ಕುಂತವರ ಮನೆಗೆ ಯಾರೂ ಚೆಕ್ ತಂದು ಕೊಡಲಿಲ್ಲ. ಕಟ್ಟುವ ಮೊದಲೇ ಕೇಳುವುದು ಸುಲಭ. ಕಟ್ಟಿದ ಮೇಲೆ ಒಡೆಸುವುದು ಕಷ್ಟ. ನಿಮ್ಮೂರಿನಲ್ಲಿ ಹೊಸ ಶಾಲೆ, ಹೊಸ ಅಂಗನವಾಡಿ ಕಟ್ಟುತ್ತಾರೆ ಎಂದು ಗೊತ್ತಾದ ದಿನವೇ ಹೋಗಿ ಕೇಳಿರಿ.

ಮುಂದಾಳು ಆಗುವುದು ಹೇಗೆ?

ಕೋರ್ಟಿನಲ್ಲಿ ನಮ್ಮ ಪರ ಮಾತಾಡುವವರಿಗೆ ವಕೀಲರು ಎನ್ನುತ್ತೇವೆ. ಪಂಚಾಯಿತಿಯಲ್ಲಿ, ದವಾಖಾನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮನೆಯಲ್ಲಿ ನಮ್ಮ ವಕೀಲಿ ಯಾರು ಮಾಡಬೇಕು? ನಾವೇ ಮಾಡಬೇಕು. ಅದಕ್ಕೆ ಕರಿ ಕೋಟು ಬೇಕಾಗಿಲ್ಲ.

ಮೊದಲು ಎಣಿಸಿರಿ. ನಿಮ್ಮ ಓಣಿಯಲ್ಲಿ ಒಳಮನೆಯಲ್ಲೇ ಕುಂತ ಹೆಣ್ಣುಮಕ್ಕಳು ಎಷ್ಟು? ಹೆಸರು ಬರೆಯಿರಿ. ಅವರಿಗೆ ಪ್ರಮಾಣಪತ್ರ ಇದೆಯೇ? ಮಾಸಾಶನ ಬರುತ್ತದೆಯೇ? ಗಾಲಿಕುರ್ಚಿ ಮೈಗೆ ಸರಿ ಇದೆಯೇ? ಶಿಬಿರದಲ್ಲಿ ಕೊಟ್ಟ ದೊಡ್ಡ ಕುರ್ಚಿಯಲ್ಲಿ ಸಣ್ಣ ಮೈಯವಳು ಕುಂತರೆ ಬೆನ್ನು ಸೊಟ್ಟ ಆಗುತ್ತದೆ, ಕುಂತಲ್ಲೇ ಹುಣ್ಣು ಆಗುತ್ತದೆ.

ಆಮೇಲೆ ಒಂದೇ ಬೇಡಿಕೆ ಹಿಡಿಯಿರಿ. ಹತ್ತು ಬೇಡ. ಒಂದು ಮೆಟ್ಟಿಲು, ಒಂದು ಸಂಡಾಸ, ಒಬ್ಬಾಕೆಯ ಪ್ರಮಾಣಪತ್ರ. ಅಳೆಯಿರಿ. ಬರೆಯಿರಿ.

ಯಾರ ಹತ್ತಿರ ಹೋಗಬೇಕು? ನಿಮ್ಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಎಂದು ಕೇಳಿರಿ. ಅಂಗವಿಕಲರ ಕೆಲಸಕ್ಕೆಂದೇ ಅವರನ್ನು ಇಟ್ಟಿರುತ್ತಾರೆ. ಜಿಲ್ಲೆಗೆ ವಿಕಲಚೇತನರ ಕಲ್ಯಾಣಾಧಿಕಾರಿ ಇದ್ದಾರೆ. ಇಡೀ ರಾಜ್ಯಕ್ಕೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ಕೆಳಗಿನವರು ಕೇಳದಿದ್ದರೆ ಮೇಲಿನವರಿಗೆ ದೂರು ಬರೆಯಬಹುದು.

ಗ್ರಾಮಸಭೆ ತಪ್ಪಿಸಬೇಡಿರಿ. ಗ್ರಾಮಸಭೆ ಮೆಟ್ಟಿಲು ಏರಿ ಹೋಗುವಲ್ಲಿ ಇದ್ದರೆ, ಮೊದಲ ಬೇಡಿಕೆ ಅದೇ. "ಸಭಾ ಕೆಳಗ ನಡಸ್ರಿ" ಎನ್ನಿರಿ.

ಅರ್ಜಿ ಕೊಟ್ಟರೆ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ. ಅದರ ಮೇಲೆ ಕಚೇರಿಯ ಸಿಕ್ಕೆ ಮತ್ತು ತಾರೀಖು ಹಾಕಿಸಿರಿ. ಸಿಕ್ಕೆ ಇಲ್ಲದ ಅರ್ಜಿ ಗಾಳಿಗೆ ಹಾರಿಹೋಗುತ್ತದೆ.

ಮತದಾನದ ದಿನವೂ ನಮ್ಮದು. 2023ರ ವಿಧಾನಸಭೆ ಚುನಾವಣೆಯಲ್ಲಿ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲರಾದವರು ಮನೆಯಲ್ಲೇ ಮತ ಹಾಕಲು ಅವಕಾಶ ಕೊಟ್ಟರು. ಅದು ಒಳ್ಳೆಯದು. ಆದರೆ ಬರಲು ಆಗುವವರು ಮತಗಟ್ಟೆಗೇ ಹೋಗೋಣ. ನಾಲ್ಕು ಮಂದಿ ನಮ್ಮನ್ನು ಕಾಣಲಿ. ಮತ ಕೇಳಲು ಬಂದವರಿಗೆ ಮೆಟ್ಟಿಲಿನ ಲೆಕ್ಕ ಕೇಳೋಣ.

ಜನ ಏನಂತಾರ?

"ಬಾಯಿ ಬಾಳ ಆತು" ಅಂತಾರ. ಅನ್ನಲಿ. ಇಷ್ಟು ದಿನ "ಪಾಪ" ಅಂದರು. ಆ "ಪಾಪ"ದಿಂದ ಒಂದು ಮೆಟ್ಟಿಲೂ ಕಡಿಮೆ ಆಗಲಿಲ್ಲ.

"ಮದುವಿ ಆಗಬೇಕಾದ ತಂಗಿ ಅದಾಳ, ನೀ ಹೊರಗ ಕಾಣಸ್ಕೋಬ್ಯಾಡ" ಅಂತಾರ. ಈ ಮಾತು ನಮ್ಮೊಳಗೆ ಇಬ್ಬರು ಕೇಳಿದ್ದಾರೆ. ಇದು ಬಹಳ ನೋಯುತ್ತದೆ. ಬೀಗರು ಬಂದರೆ ಒಳಗೆ ಹಾಕಿ ಬಾಗಿಲು ಮುಂದೆ ಮಾಡುತ್ತಾರೆ. ಅಂಥ ಮನೆಯ ಅವ್ವ ಇಲ್ಲಿ ಕುಂತಿದ್ದರೆ ಕೈಮುಗಿದು ಹೇಳುತ್ತೇವೆ. ಅವ್ವಾ, ಆ ಬಾಗಿಲು ತೆರಿ. ಮಗಳನ್ನು ಮುಚ್ಚಿಟ್ಟು ಮಾಡಿದ ಬೀಗತನ ಎಷ್ಟು ದಿನ ಬಾಳೀತು?

"ನನಗ ನಾಚಿಕಿ ಬರತೈತಿ" ಎಂದು ನಾವೇ ಅನ್ನುತ್ತೇವೆ. ಇಳಕಲ್ಲದ ಮಹಾಂತ ಸ್ವಾಮಿಗಳ ಜೋಳಿಗೆ ನಿಮಗೆಲ್ಲ ಗೊತ್ತು. ಅವರು ಮನೆಮನೆಗೆ ಹೋಗಿ ಕಾಳು ಕಡಿ ಬೇಡಲಿಲ್ಲ. ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ನಮ್ಮ ಗೆಳತಿ ಅದನ್ನೇ ನೆನೆದು ಅಂದಳು, "ನನಗ ಕುಡಿಯೋ ಚಟ ಇಲ್ಲ. ನಾಚಿಕಿ ಪಡೋ ಚಟ ಐತಿ. ಅದನ್ನss ಜೋಳಿಗಿಗೆ ಹಾಕತೀನಿ."

ಕೊಂಡಿ ಹಾಕೋಣ

ನಡೆದಾಡುವ ಅಕ್ಕಂದಿರೇ, ನಿಮಗೆ ಎರಡು ಮಾತು.

ನಮ್ಮ ಗಾಲಿಕುರ್ಚಿ ತಳ್ಳುವ ಮೊದಲು ಕೇಳಿರಿ. ಅದು ನಮ್ಮ ಮೈಯ ಹಾಗೆ. ನಮ್ಮ ಜೊತೆ ಮಾತಾಡುವಾಗ ಹಿಂದೆ ನಿಂತವರನ್ನು ನೋಡಬೇಡಿರಿ, ನಮ್ಮನ್ನು ನೋಡಿರಿ. "ಕುಂಟಿ" ಎನ್ನಬೇಡಿರಿ, ಹೆಸರು ಹಿಡಿದು ಕರೆಯಿರಿ. ನಿಮ್ಮ ಸ್ವಸಹಾಯ ಸಂಘಕ್ಕೆ ನಮ್ಮನ್ನು ಸೇರಿಸಿಕೊಳ್ಳಿರಿ. ಬರೀ ಸದಸ್ಯೆ ಮಾಡಬೇಡಿರಿ. ಲೆಕ್ಕ ಬರೆಯುವ ಕೆಲಸ ಕೊಡಿರಿ.

ಇಳಕಲ್ಲ ಸೀರೆ ಹೇಗೆ ಆಗುತ್ತದೆ? ಮೈಯ ಹಾಸು ಬೇರೆ. ಸೆರಗಿನ ಹಾಸು ಬೇರೆ. ಎರಡಕ್ಕೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಾರೆ. ಒಂದೊಂದು ಎಳೆಯ ಕೊಂಡಿಯೂ ಕೈಯಿಂದಲೇ ಆಗಬೇಕು. ಕೊಂಡಿ ಬಿದ್ದ ಮೇಲೆ ಅದು ಒಂದೇ ಸೀರೆ. ಎಳೆದರೂ ಬಿಚ್ಚುವುದಿಲ್ಲ. ನೇಕಾರರ ಮನೆಯ ನಮ್ಮ ಗೆಳತಿಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯಲು ಆಗುವುದಿಲ್ಲ. ಆದರೆ ಕಂಡಿಕೆ ಸುತ್ತುತ್ತಾಳೆ, ಕೊಂಡಿ ಹಾಕುತ್ತಾಳೆ. ಅವಳ ಕೈ ಇಲ್ಲದೆ ಆ ಮನೆಯ ಸೀರೆಗೆ ಸೆರಗಿಲ್ಲ. ನೀವು ಮತ್ತು ನಾವು ಹಾಗೆ ಕೂಡಬೇಕು.

ಈಗ ಒಂದು ಕೆಲಸ

ನೀವು ಚಾಪೆ ಹೊರಗೆ ತರುವಾಗ ನಾವು ಸುಮ್ಮನೆ ಇರಲಿಲ್ಲ. ಆ ಮೂರು ಮೆಟ್ಟಿಲು ಅಳೆದೆವು. ಒಂದೊಂದು ಅರ್ಧ ಅಡಿ. ಮೂರು ಸೇರಿ ಒಂದೂವರೆ ಅಡಿ. ಅಂದರೆ ಎರಡು ಗೇಣು. ಎರಡು ಗೇಣಿಗೆ 24 ಗೇಣು ಇಳಿಜಾರು ಬೇಕು. ಅಂದರೆ 18 ಅಡಿ. ಅಂಗಳ 25 ಅಡಿ ಇದೆ. ಜಾಗ ಇದೆ!

ಇಲ್ಲೇ ಅರ್ಜಿ ಬರೆದಿದ್ದೇವೆ. ಓದುತ್ತೇವೆ, ಕೇಳಿರಿ.

"ಮಾನ್ಯರೇ,
ಈ ಕಟ್ಟಡದ ಬಾಗಿಲಿಗೆ ಮೂರು ಮೆಟ್ಟಿಲು ಇವೆ. ಎತ್ತರ ಒಂದೂವರೆ ಅಡಿ. ಗಾಲಿಕುರ್ಚಿ ಬಳಸುವವರು, ಮುದುಕರು, ಬಸುರಿಯರು ಒಳಗೆ ಬರಲು ಕಷ್ಟ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಇಲ್ಲಿ 18 ಅಡಿ ಉದ್ದದ ರ‍್ಯಾಂಪು, ಎರಡೂ ಕಡೆ ಕಂಬಿ ಹಾಕಿಸಿ ಕೊಡಬೇಕು. ಸಂಡಾಸದ ಬಾಗಿಲು 3 ಅಡಿ ಅಗಲ ಮಾಡಿಸಬೇಕು. ಏನು ಕ್ರಮ ಕೈಗೊಂಡಿರಿ ಎಂದು ನಮಗೆ ಬರೆದು ತಿಳಿಸಬೇಕು.
ಇಂತಿ, ಈ ಕೆಳಗೆ ಸಹಿ ಮಾಡಿದವರು."

ಅಕ್ಕಂದಿರೇ, ಶಾಯಿಯ ಡಬ್ಬಿ ನಾವು ತಂದಿಲ್ಲ. ಹೆಬ್ಬೆಟ್ಟು ಬೇಡ. ಪೆನ್ನು ತಂದಿದ್ದೇವೆ. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ. ನಿಮ್ಮ ಹೆಸರು ನೀವೇ ಬರೆಯಿರಿ. ಮೊದಲ ಐದು ಹೆಸರು ನಾವು ಬರೆದಿದ್ದೇವೆ. ಆರನೇ ಹೆಸರು ಯಾರದು?

ಮುಂದಿನ ಸಲ ನಾವು ಒಳಗೆ ಕೂಡ್ರೋಣ. ಫ್ಯಾನಿನ ಕೆಳಗೆ.



ಓದಿರಿ, ಮಾತಾಡಿರಿ

1. "ನಮ್ಮನ್ನ ಎತ್ತಬ್ಯಾಡ್ರಿ, ಚಾಪಿ ಎತ್ತಿ ಹೊರಗ ತರ್ರಿ" ಎಂದು ಯಾಕೆ ಹೇಳಿದರು?
2. ಒಂದು ಅಡಿ ಎತ್ತರಕ್ಕೆ ಎಷ್ಟು ಅಡಿ ಉದ್ದದ ರ‍್ಯಾಂಪು ಬೇಕು? ನಿಮ್ಮೂರಿನ ಶಾಲೆಯ ಮೆಟ್ಟಿಲು ಅಳೆದು ಲೆಕ್ಕ ಮಾಡಿರಿ.
3. ನಿಮ್ಮ ಓಣಿಯಲ್ಲಿ ಮನೆ ಬಿಟ್ಟು ಹೊರಗೆ ಬರದ ಹೆಣ್ಣುಮಕ್ಕಳು ಇದ್ದಾರೆಯೇ? ಈ ವಾರ ಅವರ ಮನೆಗೆ ಹೋಗಿ ಈ ಪಾಠ ಓದಿ ಹೇಳಿರಿ.
4. ಮೇಲಿನ ಅರ್ಜಿ ನೋಡಿ, ನಿಮ್ಮೂರಿನ ಒಂದು ಬೇಡಿಕೆಗೆ ನೀವೇ ಅರ್ಜಿ ಬರೆಯಿರಿ.